ಉಳಿದ ಹಣ್ಣಿನ ರಸ



ಬೈಲಹೊಂಗಲದ ಓದುಗ ಸಹೋದರಿಯೊಬ್ಬರು ನಮಗೆ ಹೀಗೆ ಬರೆದಿರುವರು: “ಕವಳಿ ಹಣ್ಣಿನ ಮುರಬ್ಬ ಮಾಡಿದ ದಿನ ಒಂದು ಬೋಗುಣಿ ಕೆಂಪು ರಸ ಉಳಿದೇ ಉಳಿಯುತ್ತದೆ. ನೇರಲ ಹಣ್ಣಿನ ಶರಬತ್ತು ಮಾಡಿದಾಗಲೂ ಹಾಗೆಯೇ. ಇಡಿಯ ಮನೆಗೆ ಸಾಲುವಷ್ಟಿರುವದಿಲ್ಲ, ಚೆಲ್ಲುವಷ್ಟು ಕಡಿಮೆಯೂ ಅಲ್ಲ. ಚೆಲ್ಲಲು ಮನಸ್ಸು ಬಾರದು, ಇಟ್ಟರೆ ಮರುದಿನ ನೊರೆ ಬರುವದು. ಏನು ಮಾಡಬೇಕು?”

ಪ್ರಶ್ನೆಯು ಸಣ್ಣದಾಗಿ ಕಾಣುವದು. ಆದರೆ ನಾವು ಬಲ್ಲ ಎಷ್ಟೋ ಮನೆಗಳಲ್ಲಿ ಇದಕ್ಕೆ ಒಂದು ಉತ್ತರವು ಯಾರೂ ಹೇಳದೆಯೇ ರೂಢಿಯಾಗಿ ಹೋಗಿದೆ. ಉಳಿದುದನ್ನು ಮನೆಯ ಹೆಣ್ಣುಮಕ್ಕಳು ಮರುದಿನ ಕುಡಿದು ಮುಗಿಸುವರು. ಈ ಉತ್ತರವು ಸರಿಯಾದುದಲ್ಲವೆಂದು ಹೇಳುವದಕ್ಕಾಗಿಯೂ, ಅದೇ ರಸದಿಂದ ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಕುಡಿಯುವಂಥ ಬೆರಕೆಯ ಪಾನಕಗಳನ್ನು ಮಾಡುವ ಬಗೆಯನ್ನು ತಿಳಿಸುವದಕ್ಕಾಗಿಯೂ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇವೆ.

ನಮ್ಮ ಸೀಮೆಯ ಹಣ್ಣುಗಳು

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗಿ, ರಾಮದುರ್ಗದ ದಂಡೆಯನ್ನು ಮುಟ್ಟಿ ಮುಂದೆ ಹೋಗುವಳು. ಹೊಳೆಯೊಡನೆ ಪಡುವಣದಿಂದ ಮೂಡಣಕ್ಕೆ ನಡೆದಂತೆ ಮಳೆಯೂ ಕಡಿಮೆಯಾಗುತ್ತ ಹೋಗುವದು, ಹಣ್ಣೂ ಬದಲಾಗುತ್ತ ಹೋಗುವದು. ಕಿತ್ತೂರಿನ ಪಡುವಲಿಗಿರುವ ಕುರುಚಲು ಅಡವಿಯಲ್ಲಿ ಬೇಸಗೆಯ ಕಡೆಗೆ ಕವಳಿಯ ಹಣ್ಣು ಕಪ್ಪಾಗುವದು. ಮಿರಗದ ಮಳೆ ಬೀಳುವ ಹೊತ್ತಿಗೆ ನೇರಲ ಹಣ್ಣು ಸಂತೆಗೆ ಬರುವದು. ಎರೆಯ ಭೂಮಿಯಾದ ಸವದತ್ತಿ, ರಾಮದುರ್ಗಗಳ ಕಡೆಗೆ ಬದುವಿನ ಮೇಲಿನ ಬಾರಿಯ ಗಿಡಗಳು ಚಳಿಗಾಲದಲ್ಲಿ ಹಣ್ಣು ಕೊಡುವವು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರಿಗೆ ಬಾರಿಯ ಹಣ್ಣಿನ ಕಾಲವು ಯಾವುದೆಂದು ಹೇಳಬೇಕಾಗಿಲ್ಲ. ಕಪ್ಪು ದ್ರಾಕ್ಷಿಯು ವಿಜಯಪುರದ ಕಡೆಯಿಂದಲೂ, ಅಮಸೋಲವು ಘಟ್ಟದ ಕೆಳಗಿನ ಕೊಂಕಣದಿಂದಲೂ ಬರುವದು. ಹೀಗೆ ವರ್ಷದ ಬಹುಭಾಗ ಒಂದಲ್ಲ ಒಂದು ಹುಳಿಸಿಹಿ ಹಣ್ಣು ನಮ್ಮ ಮನೆಗಳಲ್ಲಿ ಇದ್ದೇ ಇರುವದು.

ಅತ್ತಿಗೆಯವರ ಎರಡು ಬಟ್ಟಲು

ಪಾನಕದ ಬಗೆಗಳನ್ನು ಹೇಳುವ ಮುಂಚೆ ನಮ್ಮ ಮನೆಯಲ್ಲಿಯೇ ಎಷ್ಟೋ ವರ್ಷಗಳ ಹಿಂದೆ ನಡೆದ ಸಂಗತಿಯೊಂದನ್ನು ಹೇಳಬೇಕಾಗಿದೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಬೀಗರು ಬರುವರೆಂದು ನಮ್ಮ ಅತ್ತಿಗೆಯವರು ದೊಡ್ಡ ಹಿತ್ತಾಳೆಯ ಪಾತೇಲಿಯಲ್ಲಿ ಕವಳಿ ಹಣ್ಣಿನ ಶರಬತ್ತು ಮಾಡಿದ್ದರು. ಬಣ್ಣವು ಕುಂಕುಮದ ನೀರಿನಂತಿತ್ತು. ಬೀಗರು ಕುಡಿದರು, ಮನೆಯ ಗಂಡಸರು ಕುಡಿದರು, ಮಕ್ಕಳು ಎರಡೆರಡು ಸಲ ಕೇಳಿ ಕುಡಿದರು. ಅತ್ತಿಗೆಯವರಿಗೆ ಒಲೆಯ ಮುಂದಿನಿಂದ ಏಳಲು ಬಿಡುವಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಳದಲ್ಲಿ ಎರಡು ಬಟ್ಟಲು ಶರಬತ್ತು ಉಳಿದಿತ್ತು. ಅದರ ಮೇಲೆ ಮುಚ್ಚಳ ಹಾಕಿದರು.

ಮರುದಿನ ಮುಂಜಾನೆ ಪಾತ್ರೆ ತೊಳೆಯುವಾಗ ಯಾರೋ ಅದನ್ನು ಚೆಲ್ಲಲು ಹೋದರು. ಅತ್ತಿಗೆಯವರು ತಡೆದು, “ಇಷ್ಟು ಸಕ್ಕರಿ ಹಾಕೇತಿ, ಚೆಲ್ಲೂದ್ಯಾಕ? ನಾನ ಕುಡೀತೀನಿ ಬಿಡ್ರಿ” ಎಂದು ಎರಡೂ ಬಟ್ಟಲು ಕುಡಿದುಬಿಟ್ಟರು. ಸ್ವಲ್ಪ ಹೊತ್ತಿನಲ್ಲಿಯೇ ಹೊಟ್ಟೆಯಲ್ಲಿ ತಿರುಚಿದಂತಾಗಿ ವಾಂತಿಗೆ ಆರಂಭವಾಯಿತು. ಬಂದ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಪಾತ್ರೆಯಲ್ಲಿ ಇಟ್ಟಿದ್ದಿರಿ?” ಪಾತೇಲಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಒಳಗಿನ ಕಲಾಯಿಯು ತಳದಲ್ಲಿ ಅಂಗೈಯಗಲ ಹಾರಿ ಹೋಗಿ ಹಳದಿಯ ಲೋಹವು ಕಾಣುತ್ತಿತ್ತು. ಅತ್ತಿಗೆಯವರು ಎರಡು ದಿನ ಹಾಸಿಗೆ ಹಿಡಿದು, ದೇವರ ದಯದಿಂದ ಗುಣವಾದರು.

ಆ ಸಂಜೆ ಬೀಗರೊಡನೆ ಕುಳಿತು ಎರಡು ಬಟ್ಟಲು ತಾಜಾ ಶರಬತ್ತನ್ನು ಕುಡಿದವರಲ್ಲಿ ನಾವೂ ಒಬ್ಬರು. ಮಾಡಿದವರು ಕುಡಿದರೋ ಇಲ್ಲವೋ ಎಂದು ನಾವು ಕೇಳಲಿಲ್ಲ. ಪಾತ್ರೆಯ ತಪ್ಪನ್ನು ವೈದ್ಯರು ತೋರಿಸಿದರು. ಈ ಇನ್ನೊಂದು ತಪ್ಪನ್ನು ನಾವಾಗಿಯೇ ಕಂಡುಕೊಳ್ಳಬೇಕಾಯಿತು.

ಪಾತ್ರೆಯ ವಿಚಾರ

ಹುಳಿಯಾದ ರಸವು ತಾಮ್ರವನ್ನೂ, ತಾಮ್ರವು ಸೇರಿದ ಹಿತ್ತಾಳೆಯನ್ನೂ ಮೆಲ್ಲಮೆಲ್ಲನೆ ಕರಗಿಸುವದು. ಹುಣಿಸೆಯ ಹಣ್ಣಿನಿಂದ ಚರಿಗೆಯನ್ನು ತಿಕ್ಕಿದಾಗ ಹೊಳಪು ಬರುವದೂ ಇದೇ ಗುಣದಿಂದ. ಕರಗಿದ ತಾಮ್ರವು ರಸದಲ್ಲಿಯೇ ಉಳಿದು, ಕುಡಿದವರಿಗೆ ಓಕರಿಕೆ, ವಾಂತಿ, ಹೊಟ್ಟೆಯ ನುಲಿತಗಳನ್ನು ಉಂಟುಮಾಡುವದು. ರಸವು ಎಷ್ಟು ಹೊತ್ತು ನಿಲ್ಲುವದೋ ಅಷ್ಟು ಹೆಚ್ಚು ತಾಮ್ರವು ಕರಗುವದು. ಆದುದರಿಂದಲೇ ಸಂಜೆ ಕುಡಿದವರಿಗೆ ಏನೂ ಆಗಲಿಲ್ಲ, ಮುಂಜಾನೆ ಕುಡಿದವರಿಗೆ ಆಯಿತು. ಕವಳಿ, ನೇರಲ, ದ್ರಾಕ್ಷಿ, ಅಮಸೋಲ, ನಿಂಬೆ ಇವುಗಳ ರಸವನ್ನು ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಯಲ್ಲಿಯೇ ಇಡತಕ್ಕದ್ದು. ಅಲ್ಯುಮಿನಿಯಮ್ಮಿನ ಪಾತ್ರೆಯೂ ಹುಳಿಗೆ ತಕ್ಕುದಲ್ಲ.

ಹೊತ್ತಿನ ವಿಚಾರ

ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಹುದುಗಿನ ಜೀವಿಗಳು ಇರುತ್ತವೆ. ಇವು ರಸದಲ್ಲಿಯ ಸಕ್ಕರೆಯನ್ನು ತಿಂದು ಮದ್ಯಾರ್ಕವನ್ನೂ ಇಂಗಾಲಾಮ್ಲ ವಾಯುವನ್ನೂ ಹುಟ್ಟಿಸುವವು. ಸಹೋದರಿಯವರು ಬರೆದ ನೊರೆಯು ಈ ವಾಯುವೇ. ಬಿಗಿಯಾಗಿ ಬೂಚು ಹಾಕಿದ ಸೀಸೆಯಲ್ಲಿ ಇದು ತುಂಬಿಕೊಂಡರೆ ಬೂಚು ಹಾರುವದು, ಸೀಸೆಯು ಒಡೆಯಲೂಬಹುದು.

ಕಾಯಿಸಿದರೆ ಈ ಜೀವಿಗಳು ಸಾಯುವವೆಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಸ್ಚರ್ ಎಂಬ ವಿಜ್ಞಾನಿಯು 1860ರ ದಶಕದಲ್ಲಿ ತೋರಿಸಿಕೊಟ್ಟನು. ಅದನ್ನು ತಿಳಿದು ಅಮೇರಿಕೆಯ ನ್ಯೂಜರ್ಸಿಯಲ್ಲಿದ್ದ ಥಾಮಸ್ ವೆಲ್ಚ್ ಎಂಬ ದಂತವೈದ್ಯನು 1869ರಲ್ಲಿ ದ್ರಾಕ್ಷಿಯ ರಸವನ್ನು ಸೀಸೆಯಲ್ಲಿ ತುಂಬಿ ಬಿಸಿಮಾಡಿ, ಅದು ಮದ್ಯವಾಗದಂತೆ ಇಟ್ಟನು. ಅವನ ಚರ್ಚಿನಲ್ಲಿ ಪೂಜೆಗೆ ಮದ್ಯವಲ್ಲದ ದ್ರಾಕ್ಷಾರಸ ಬೇಕಾಗಿತ್ತು. ಇಂದು ಅಂಗಡಿಗಳಲ್ಲಿ ಮಾರುವ ಹಣ್ಣಿನ ರಸಗಳ ಉದ್ಯಮಕ್ಕೆ ಇಂಥ ಮನೆಗೆಲಸವೂ ಒಂದು ಮೂಲವಾಯಿತು.

ನಮಗೆ ಬೇಕಾದದ್ದು ಇಷ್ಟೇ. ರಸವು ಉಳಿಯುವದೆಂದು ಕಂಡ ಕೂಡಲೆ, ಅಂದರೆ ಅದೇ ಹೊತ್ತಿನಲ್ಲಿ, ಅದನ್ನು ಸೋಸಿ ಸ್ಟೀಲಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಬೇಕು. ಅಂಚಿನಲ್ಲಿ ಗುಳ್ಳೆಗಳು ಏಳತೊಡಗಿದಾಗ ಐದು ನಿಮಿಷ ಹಾಗೆಯೇ ಇಟ್ಟು ಇಳಿಸಬೇಕು. ಬುಳಬುಳನೆ ಕುದಿಸಿದರೆ ವಾಸನೆ ಕೆಡುವದು. ಬಿಸಿನೀರಿನಲ್ಲಿ ಕುದಿಸಿದ ಗಾಜಿನ ಸೀಸೆಗೆ ಬಿಸಿ ಇರುವಾಗಲೇ ತುಂಬಬೇಕು. ಹೀಗೆ ಮಾಡಿದ ರಸವು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಕೆಡಲಾರದು. ಫ್ರಿಜ್ಜು ಇಲ್ಲದ ಮನೆಯಲ್ಲಿ ಸೀಸೆಗೆ ಹಸಿಯ ಅರಿವೆ ಸುತ್ತಿ ಗಾಳಿಯಾಡುವ ಕಡೆಗೆ ಇಟ್ಟು, ಮರುದಿನ ಮುಂಜಾನೆಯೇ ಮುಗಿಸಬೇಕು.

ಹೆಚ್ಚು ದಿನ ಇಡಬೇಕಾದರೆ ಸಕ್ಕರೆಯೇ ಕಾವಲುಗಾರ. ಒಂದು ಬಟ್ಟಲು ರಸಕ್ಕೆ ಎರಡು ಬಟ್ಟಲು ಸಕ್ಕರೆ ಹಾಕಿ, ಕರಗುವವರೆಗೆ ಕಾಯಿಸಿ, ಸೋಸಿ ಇಟ್ಟ ಪಾಕವು ವಾರಗಟ್ಟಲೆ ಇರುವದು. ಸಮಸಮ ಸಕ್ಕರೆ ಹಾಕಿದರೆ ಅಷ್ಟು ದಿನ ಬಾರದು. ಜಿಪುಣತನದಿಂದ ಸಕ್ಕರೆಯನ್ನು ಕಡಿಮೆ ಮಾಡಿ ಪಾಕವನ್ನೇ ಕಳೆದುಕೊಂಡವರನ್ನು ನಾವು ಬಲ್ಲೆವು. ನೊರೆ ಬಂದ, ಹೆಂಡದ ವಾಸನೆ ಹೊಡೆಯುವ, ಮೇಲೆ ಬೂಷ್ಟು ಕಟ್ಟಿದ ರಸವನ್ನು ಮಾತ್ರ ಮರುಮಾತಿಲ್ಲದೆ ಚೆಲ್ಲಬೇಕು. ಮತ್ತೆ ಕುದಿಸಿದರೆ ಸರಿಹೋಗುವದೆಂಬುದು ತಪ್ಪು ತಿಳುವಳಿಕೆ.

ಬೆರೆಸುವ ಬಗೆ

ಪಶ್ಚಿಮದ ದೇಶಗಳಲ್ಲಿ ಹಲವು ಪಾನೀಯಗಳನ್ನು ಬೆರೆಸಿ ಕಾಕ್‌ಟೇಲ್ ಎಂದು ಕರೆಯುವರು. 1806ರಲ್ಲಿ ನ್ಯೂಯಾರ್ಕ್ ಪ್ರಾಂತದ ಒಂದು ಪತ್ರಿಕೆಯು ಈ ಶಬ್ದಕ್ಕೆ ಕೊಟ್ಟ ಅರ್ಥವು ಮದ್ಯ, ಸಕ್ಕರೆ, ನೀರು, ಕಹಿಯ ಸಾರ ಇವುಗಳ ಬೆರಕೆ ಎಂದು. ಮುಂದೆ ಮದ್ಯವಿಲ್ಲದ ಹಣ್ಣಿನ ಬೆರಕೆಗೂ ಅದೇ ಹೆಸರು ಬಂದಿತು. ಹೆಸರು ಹೊಸದಾದರೂ ಕೆಲಸವು ನಮಗೆ ಹೊಸದಲ್ಲ. ರಾಮನವಮಿಯ ಪಾನಕದಲ್ಲಿ ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿಗಳನ್ನು ಕೂಡಿಸುವ ನಮ್ಮ ಹಿರಿಯರು ಬೆರಕೆಯ ಮರ್ಮವನ್ನು ಚೆನ್ನಾಗಿ ಅರಿತವರೇ.

ಆ ಮರ್ಮವು ಇದು. ಯಾವ ಬೆರಕೆಯಲ್ಲಾದರೂ ಹುಳಿಯದೊಂದು, ಸಿಹಿಯದೊಂದು, ಪರಿಮಳದ್ದೊಂದು ಇರಬೇಕು. ಎರಡು ಒಗರಿನ ಹಣ್ಣುಗಳನ್ನು ಕೂಡಿಸಬಾರದು. ನೇರಲದ ಒಗರಿಗೆ ಚಿಟಿಕೆ ಉಪ್ಪು ಒಳ್ಳೆಯ ಮದ್ದು. ಇನ್ನೊಂದು ಮಾತು. ಎರೆಯ ಭೂಮಿಯ ಕಡೆಗೆ ಬಾವಿಯ ನೀರು ಸವಳಾಗಿರುವದುಂಟು. ಅಂಥ ಕ್ಷಾರದ ನೀರಿಗೆ ನೇರಲದ ಅಥವಾ ಕವಳಿಯ ರಸ ಹಾಕಿದರೆ ಕೆಂಪು ಬಣ್ಣವು ಮಂಕಾಗಿ ನೀಲಿಗೆ ತಿರುಗುವದು. ಹೆದರಬೇಕಾಗಿಲ್ಲ. ನಾಲ್ಕು ಹನಿ ನಿಂಬೆಯ ರಸ ಹಿಂಡಿದರೆ ಬಣ್ಣವು ಮತ್ತೆ ಅರಳುವದು. ಮಕ್ಕಳಿಗೆ ಈ ಚಮತ್ಕಾರವನ್ನು ತೋರಿಸಬಹುದು.

ಈಗ ನಾಲ್ಕೈದು ಬಗೆಗಳನ್ನು ಹೇಳುತ್ತೇವೆ. ಒಂದೊಂದೂ ಐದಾರು ಜನರಿಗೆ ಸಾಲುವದು.

ಮುಂಗಾರಿನ ಪಾನಕ: ಕವಳಿಯ ಉಳಿದ ರಸ ಅರ್ಧ ಬಟ್ಟಲು, ನೇರಲದ ರಸ ಒಂದು ಬಟ್ಟಲು, ಸಕ್ಕರೆಯ ಪಾಕ ಮುಕ್ಕಾಲು ಬಟ್ಟಲು, ತಣ್ಣೀರು ಮೂರು ಬಟ್ಟಲು, ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ ಕಾಲು ಚಮಚ. ಕವಳಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದು ಅದರ ಹಾಲಿನ ಅಂಟನ್ನು ಕಳೆಯಬೇಕು. ನೇರಲದ ಬೀಜವನ್ನು ತೆಗೆದೇ ತಿರುಳನ್ನು ಹಿಂಡಬೇಕು. ಬೀಜವು ಮಿಕ್ಸರಿನಲ್ಲಿ ಅರೆದು ಹೋದರೆ ಕಹಿಯಾಗುವದು.

ಕವಳಿ ಪೇರಲದ ಪಾನಕ: ಮಳೆಗಾಲ ಬಲಿತು ಪೇರಲ ಹಣ್ಣು ಬರುವ ಹೊತ್ತಿಗೆ ಕವಳಿಯು ಮುಗಿದಿರುವದು. ಆಗ ಸೀಸೆಯಲ್ಲಿಟ್ಟ ಕವಳಿಯ ಪಾಕವು ಕೈಗೆ ಒದಗುವದು. ಕಳಿತ ಎರಡು ಪೇರಲ ಹಣ್ಣುಗಳನ್ನು ಹೆಚ್ಚಿ ಎರಡು ಬಟ್ಟಲು ನೀರಿನಲ್ಲಿ ಬೇಯಿಸಿ, ಅರಿವೆಯಲ್ಲಿ ಸೋಸಿ, ಅದಕ್ಕೆ ಮುಕ್ಕಾಲು ಬಟ್ಟಲು ಕವಳಿಯ ಪಾಕವನ್ನೂ ಎರಡು ಬಟ್ಟಲು ತಣ್ಣೀರನ್ನೂ ಕೂಡಿಸಬೇಕು. ಪೇರಲವು ಪರಿಮಳವನ್ನು ಕೊಡುವದು, ಕವಳಿಯು ಹುಳಿಯನ್ನೂ ಬಣ್ಣವನ್ನೂ ಕೊಡುವದು.

ಬೇಸಗೆಯ ಪಾನಕ: ಕಪ್ಪು ದ್ರಾಕ್ಷಿಯ ಉಳಿದ ರಸ ಒಂದು ಬಟ್ಟಲು, ಕಲ್ಲಂಗಡಿಯ ರಸ ಮೂರು ಬಟ್ಟಲು, ಒಂದು ನಿಂಬೆಯ ಹಣ್ಣು, ಹಸಿಶುಂಠಿಯ ರಸ ಅರ್ಧ ಚಮಚ, ಸೈಂಧವ ಲವಣ ಚಿಟಿಕೆ. ಸಕ್ಕರೆ ಬೇಕಾಗಿಲ್ಲ. ಕಲ್ಲಂಗಡಿಯ ರಸವು ಬೇಗನೆ ಕೆಡುವದರಿಂದ ಇದನ್ನು ಮಾಡಿದ ಹೊತ್ತಿನಲ್ಲಿಯೇ ಕುಡಿಯಬೇಕು. ಇದರಲ್ಲಿ ಮತ್ತೆ ಉಳಿಸುವ ಮಾತಿಲ್ಲ.

ಅಮಸೋಲದ ಪಾನಕ: ರಾಮದುರ್ಗದ ಬಿಸಿಲಿನಲ್ಲಿ ತಿರುಗಿ ಬಂದವರಿಗೆ ಇದಕ್ಕಿಂತ ಹಿತವಾದುದು ಅಪರೂಪ. ಆರೇಳು ಅಮಸೋಲದ ಸಿಪ್ಪೆಗಳನ್ನು ಒಂದು ಬಟ್ಟಲು ನೀರಿನಲ್ಲಿ ಒಂದು ತಾಸು ನೆನೆಯಿಟ್ಟು ಹಿಸುಕಿ, ನೇರಲದ ಅಥವಾ ದ್ರಾಕ್ಷಿಯ ಉಳಿದ ರಸ ಒಂದು ಬಟ್ಟಲು, ಪುಡಿಮಾಡಿದ ಬೆಲ್ಲ ಅರ್ಧ ಬಟ್ಟಲು, ನೀರು ಮೂರು ಬಟ್ಟಲು, ಜೀರಿಗೆ ಸ್ವಲ್ಪ ಕೂಡಿಸಿ ಸೋಸಬೇಕು. ಬೆಲ್ಲದಿಂದ ಬಣ್ಣವು ತುಸು ಕಂದಾಗುವದು, ರುಚಿಗೆ ಕೊರತೆಯಿಲ್ಲ. ಒಣಗಿಸುವಾಗ ಅಮಸೋಲಕ್ಕೆ ಉಪ್ಪು ಹಾಕಿರುವದುಂಟು. ರುಚಿ ನೋಡದೆ ಮತ್ತೆ ಉಪ್ಪು ಹಾಕಬಾರದು.

ಬಾರಿಯ ಬಿಸಿ ಪಾನಕ: ಸಂಕ್ರಾಂತಿಯಲ್ಲಿ ಸಣ್ಣ ಮಕ್ಕಳ ತಲೆಯ ಮೇಲೆ ಬಾರಿಯ ಹಣ್ಣು, ಕಬ್ಬಿನ ತುಂಡು, ಚುರುಮುರಿಗಳನ್ನು ಎರೆಯುವ ಮನೆಗಳಲ್ಲಿ ಮಕ್ಕಳು ಆರಿಸಿದ ಮೇಲೆಯೂ ಬುಟ್ಟಿಯಲ್ಲಿ ಹಣ್ಣು ಉಳಿಯುವದು. ಅಂಥ ಎರಡು ಹಿಡಿ ಹಣ್ಣುಗಳನ್ನು ತೊಳೆದು, ಹುಳುಕನ್ನು ಆರಿಸಿ, ಐದಾರು ಬಟ್ಟಲು ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಹಿಸುಕಿ ಸೋಸಬೇಕು. ಬೆಲ್ಲ, ಒಣಶುಂಠಿಯ ಪುಡಿ, ಎರಡು ಏಲಕ್ಕಿ ಹಾಕಿ ಬಿಸಿಯಾಗಿಯೇ ಕೊಟ್ಟರೆ ಚಳಿಯ ಮುಂಜಾನೆಗೆ ಹಿತವಾಗುವದು.

ಬರ್ಫದ ತುಂಡನ್ನು ಹಾಕುವದಾದರೆ ಅದು ಕುಡಿಯುವ ನೀರಿನಿಂದಲೇ ಮಾಡಿದ್ದೆಂದು ಖಾತ್ರಿ ಇರಬೇಕು. ಮೀನು ಮೊದಲಾದವನ್ನು ಕೆಡದಂತೆ ಇಡಲು ಮಾಡುವ ಬರ್ಫವು ಕುಡಿಯುವದಕ್ಕೆ ತಕ್ಕುದಲ್ಲ.

ಎರಡು ಎಚ್ಚರಿಕೆಗಳು

ನೇರಲ ಹಣ್ಣು ಸಕ್ಕರೆಯ ರೋಗಕ್ಕೆ ಮದ್ದೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ಹಣ್ಣಿನ ಗುಣವೇನೇ ಇರಲಿ, ಮುಕ್ಕಾಲು ಬಟ್ಟಲು ಪಾಕ ಸುರಿದ ಪಾನಕವು ಆ ರೋಗವುಳ್ಳವರಿಗೆ ಔಷಧವಾಗಲಾರದು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರಿಗೆ ನಾಲ್ಕು ಹಣ್ಣುಗಳನ್ನೇ ಬಟ್ಟಲಲ್ಲಿ ಹಾಕಿ ಕೊಡಬೇಕು, ಅದೂ ತಮ್ಮ ವೈದ್ಯರನ್ನು ಕೇಳಿ.

ಅಂಗಡಿಯ ಬಣ್ಣದ ಸೀಸೆಯನ್ನು ಕೊಳ್ಳುವವರು ಅದರ ಮೇಲಿನ ಚೀಟಿಯನ್ನು ಓದಬೇಕು. ಹಣ್ಣಿನ ರಸ ಎಷ್ಟು ಪಾಲು ಇದೆಯೆಂದು ಅಲ್ಲಿ ಬರೆದಿರುವದು. ಸಕ್ಕರೆ, ಬಣ್ಣ, ವಾಸನೆಗಳೇ ಹೆಚ್ಚಾಗಿರುವ ಸೀಸೆಗೆ ಕೊಟ್ಟ ಹಣದಲ್ಲಿ ಒಂದು ಬುಟ್ಟಿ ಕವಳಿಯ ಹಣ್ಣು ಬರಬಹುದು.

ಸಂಜೆಯ ಬುಟ್ಟಿ

ಬುಟ್ಟಿಯ ಮಾತು ಬಂದಿತೆಂದು ಇನ್ನೊಂದು ವಿಷಯ. ಕವಳಿಯ ಕಂಟಿಯು ಮುಳ್ಳಿನದು. ಅದರ ಹಣ್ಣನ್ನು ಬಿಡಿಸಿ ತರುವ ಹೆಣ್ಣುಮಕ್ಕಳ ಕೈಗಳನ್ನು ನೋಡಿದವರಿಗೆ ಒಂದು ಎಲೆಯ ಪೊಟ್ಟಣದ ಬೆಲೆಯು ತಿಳಿಯುವದು. ಮುಂಜಾನೆಯ ಗಟ್ಟಿ ಹಣ್ಣನ್ನು ಎಲ್ಲರೂ ಕೊಳ್ಳುವರು. ಸಂಜೆಗೆ ಬುಟ್ಟಿಯ ತಳದಲ್ಲಿ ಮೆತ್ತಗಾದ ಹಣ್ಣು ಉಳಿದಾಗ ಆಕೆಯು “ಯವ್ವಾ, ಇಷ್ಟೂ ತಗೊಂಡಬಿಡ್ರಿ, ಹೊತ್ತ ಮುಳಗತೈತಿ” ಎಂದು ಬಾಗಿಲಲ್ಲಿ ನಿಲ್ಲುವಳು. ತಿನ್ನಲು ಮೆತ್ತಗಾದ ಹಣ್ಣು ರಸಕ್ಕೆ ಬಹಳ ಒಳ್ಳೆಯದು. ಕೊಳೆತುದನ್ನೂ ಬೂಷ್ಟು ಹಿಡಿದುದನ್ನೂ ಆರಿಸಿ ತೆಗೆದರಾಯಿತು. ಆ ಹೊತ್ತಿನಲ್ಲಿ ಬೆಲೆಯನ್ನು ಇನ್ನೂ ಕೆಳಗಿಳಿಸಲು ಚೌಕಾಸಿ ಮಾಡುವದು ನಮಗೆ ಶೋಭಿಸದು. ನಮ್ಮ ಮನೆಯಲ್ಲಿ ಉಳಿದ ಒಂದು ಬೋಗುಣಿ ರಸಕ್ಕೆ ಇಷ್ಟೊಂದು ಚಿಂತಿಸುವ ನಾವು, ಆಕೆಯ ಬುಟ್ಟಿಯಲ್ಲಿ ಉಳಿದುದಕ್ಕೂ ತುಸು ಚಿಂತಿಸಬಹುದು.

ನಮ್ಮ ಮನೆಯಲ್ಲಿ ಈಗ ನಡೆದು ಬಂದ ಪದ್ಧತಿಯನ್ನು ಹೇಳಿ ಮುಗಿಸುತ್ತೇವೆ. ಉಳಿದ ರಸಗಳು ಎಷ್ಟೇ ಇರಲಿ, ಅವನ್ನು ಆಗಲೇ ಕಾಯಿಸಿ ಇಡುವೆವು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆಯೇ ಬೆರೆಸುವೆವು. ಮನೆಯಲ್ಲಿ ಎಷ್ಟು ಜನರಿರುವರೋ ಅಷ್ಟು ಬಟ್ಟಲುಗಳನ್ನು ಸಾಲಾಗಿ ಇಟ್ಟು ಎಲ್ಲದರಲ್ಲಿಯೂ ಸಮನಾಗಿ ಸುರಿದ ಮೇಲೆ ಮೊದಲಿನ ಬಟ್ಟಲನ್ನು ಎತ್ತುವೆವು. ಅರ್ಧ ಬಟ್ಟಲೇ ಬರಲಿ, ಪಾತ್ರೆಯಲ್ಲಿ ಏನೂ ಉಳಿಯುವದಿಲ್ಲ. ಮೊದಮೊದಲು ಅತ್ತಿಗೆಯವರು “ನೀವು ಕುಡೀರಿ, ನಂದು ಆಮ್ಯಾಲ” ಎಂದು ತಮ್ಮ ಬಟ್ಟಲನ್ನು ಹಿಂದಕ್ಕೆ ಸರಿಸುತ್ತಿದ್ದರು. ಈಗ ಸರಿಸುವದಿಲ್ಲ. ಉಪ್ಪು ಕಡಿಮೆಯಾಯಿತೆಂದು ಮೊದಲು ಹೇಳುವವರೂ ಅವರೇ.

ಬೈಲಹೊಂಗಲದ ಸಹೋದರಿಯವರು ಈ ಬಗೆಗಳಲ್ಲಿ ಯಾವುದನ್ನಾದರೂ ಮಾಡಿ ನೋಡಿ ಬರೆಯಬೇಕೆಂದು ಕೋರುತ್ತೇವೆ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಓದುಗರಲ್ಲಿ ತಮ್ಮ ಮನೆಯ ಬೇರೆ ಬೆರಕೆಗಳಿದ್ದರೆ ಅಳತೆಯ ಸಹಿತ ಕಳಿಸಲಿ. ನಾವು ಮಾಡಿ, ಎಲ್ಲರೂ ಕೂಡಿ ಕುಡಿದು ನೋಡಿ, ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.